ಮಂತ್ರಿಯನ್ನು ಹಿಡಿಯಬೇಡಿ, ಸದನದಲ್ಲಿ ಪ್ರಶ್ನೆ ಕೇಳಿಸಿ

2018ರಿಂದ 2023ರೊಳಗೆ ಮೂವರು ಮುಖ್ಯಮಂತ್ರಿಗಳಾದರು, ಅಂಥ ಹೊತ್ತಲ್ಲಿ ಊರಿನ ಕೆಲಸಕ್ಕೆ ಯಾವ ಮಂತ್ರಿಯನ್ನು ಹಿಡಿಯಬೇಕಿತ್ತು ಅಂತ ಕೇಳಿದ್ದೀರಿ. ಯಾರನ್ನೂ ಅಲ್ಲ. ಹಿಡಿದು ಕೆಟ್ಟವರು ನಾವು, ಅದಕ್ಕೇ ಹೇಳುತ್ತಿದ್ದೇನೆ.

ನಮ್ಮದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲ್ಲೂಕು. ಹೇಮಾವತಿಗೆ ಸೇರುವ ಒಂದು ಹಳ್ಳ, ಅದರಾಚೆ ಹತ್ತಿಪ್ಪತ್ತು ಮನೆ. ಮಳೆಗಾಲದಲ್ಲಿ ಮಕ್ಕಳು ಅಡಿಕೆ ಮರದ ಸಂಕ (ಕಾಲುಸೇತುವೆ) ದಾಟಿ ಶಾಲೆಗೆ ಹೋಗಬೇಕು. ಒಂದು ಕಿರುಸೇತುವೆ ಬೇಕಿತ್ತು, ಅಷ್ಟೇ.

2018ರಲ್ಲಿ ನಮ್ಮ ಜಿಲ್ಲೆಯ ಐದು ಕ್ಷೇತ್ರಗಳಲ್ಲಿ ನಾಲ್ಕು ಬಿಜೆಪಿಗೆ ಹೋದವು, ಶೃಂಗೇರಿ ಮಾತ್ರ ಕಾಂಗ್ರೆಸ್ಸಿಗೆ. ಮೇ 17ಕ್ಕೆ ಪ್ರಮಾಣ ತೆಗೆದುಕೊಂಡ ಯಡಿಯೂರಪ್ಪನವರು 19ಕ್ಕೆ ರಾಜೀನಾಮೆ ಕೊಟ್ಟರು. ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ ಬಂತು. ನಮ್ಮ ಶಾಸಕರು ವಿರೋಧ ಪಕ್ಷದ ಸಾಲಿನಲ್ಲಿ ಕೂತರು.

ನಾವು ಎಡವಿದ್ದು ಇಲ್ಲಿ. ವಿರೋಧ ಪಕ್ಷದ ಶಾಸಕರಿಂದ ಏನಾಗುತ್ತೆ ಅಂತ ಅವರ ಮನೆ ಬಾಗಿಲಿಗೇ ಹೋಗಲಿಲ್ಲ. ಪರಿಚಯದವರನ್ನು ಹಿಡಿದು ಬೆಂಗಳೂರಿಗೆ ಹೋಗಿ ಒಬ್ಬ ಸಚಿವರಿಗೆ ಅರ್ಜಿ ಕೊಟ್ಟೆವು. ಅವರು ಅರ್ಜಿಯ ಮೇಲೆ 'ಪರಿಶೀಲಿಸಿ ಕ್ರಮ ವಹಿಸಿ' ಅಂತ ಷರಾ ಬರೆದರು. ಆ ಷರಾ ನೋಡಿ ಕೆಲಸ ಆಯಿತು ಅಂದುಕೊಂಡೆವು. ಷರಾ ಅಂದರೆ ಆದೇಶ ಅಲ್ಲ. ಅದಕ್ಕೆ ಉತ್ತರ ಕೊಡಬೇಕಾದವರು ಯಾರೂ ಇಲ್ಲ, ಗಡುವೂ ಇಲ್ಲ. ಬರೆದವರು ಕುರ್ಚಿಯಲ್ಲಿ ಇರುವ ತನಕ ಅದಕ್ಕೆ ಬೆಲೆ. ಸದನದಲ್ಲಿ ಕೇಳಿದ ಪ್ರಶ್ನೆ ಹಾಗಲ್ಲ. ಇಲಾಖೆ ಬರವಣಿಗೆಯಲ್ಲಿ ಉತ್ತರ ಕೊಡಬೇಕು, ಅದು ಸದನದ ದಾಖಲೆಯಾಗಿ ಉಳಿಯುತ್ತದೆ. ಇನ್ನೊಂದು ವಿಷಯ ನಮಗೆ ಹೊಳೆಯಲೇ ಇಲ್ಲ. ಮಂತ್ರಿಯಾದವರು ಸದನದಲ್ಲಿ ಪ್ರಶ್ನೆ ಕೇಳುವ ಹಾಗಿಲ್ಲ, ಅವರು ಉತ್ತರ ಕೊಡುವವರು. ಕೇಳುವ ಅಧಿಕಾರ ಇದ್ದದ್ದು ನಾವು ಬಿಟ್ಟುಬಂದ ಶಾಸಕರಿಗೇ!

2019ರ ಜುಲೈ 23ಕ್ಕೆ ವಿಶ್ವಾಸಮತದಲ್ಲಿ 99–105ರಿಂದ ಸರ್ಕಾರ ಬಿತ್ತು. 26ಕ್ಕೆ ಯಡಿಯೂರಪ್ಪನವರು ಮತ್ತೆ ಬಂದರು, ಆದರೆ ಆಗಸ್ಟ್ 20ರವರೆಗೆ ಸಂಪುಟದಲ್ಲಿ ಅವರೊಬ್ಬರೇ. ಅದೇ ಆಗಸ್ಟಿನಲ್ಲಿ ನಮ್ಮ ಕಡೆ ಗುಡ್ಡ ಕುಸಿಯಿತು, ನಮ್ಮ ಸಂಕ ಕೊಚ್ಚಿಹೋಯಿತು. ಪಾಪ, ಆಚೆ ಬದಿಯ ಮಕ್ಕಳು ಮಳೆ ನಿಲ್ಲುವ ತನಕ ಶಾಲೆಯ ಮುಖ ನೋಡಲಿಲ್ಲ. ಷರಾ ಬರೆದಿದ್ದ ಸಚಿವರು ಮಾಜಿಯಾಗಿದ್ದರು.

ಆಮೇಲೆ ಒಬ್ಬ ನಿವೃತ್ತ ಮೇಷ್ಟ್ರು ದಾರಿ ತೋರಿಸಿದರು. ಚುಕ್ಕೆ ಗುರುತಿಲ್ಲದ ಪ್ರಶ್ನೆ, ಅಂದರೆ ಬರವಣಿಗೆಯಲ್ಲಿ ಮಾತ್ರ ಉತ್ತರ ಬರುವ ಪ್ರಶ್ನೆ, ಹಾಕಿಸಿದೆವು. ಬಂದ ಉತ್ತರ: ಇಂಥ ಪ್ರಸ್ತಾವನೆ ಸ್ವೀಕೃತವಾಗಿಲ್ಲ. ಒಂದು ವರ್ಷ ಯಾವ ಫೈಲಿಗಾಗಿ ಕಾಯುತ್ತಿದ್ದೆವೋ ಆ ಫೈಲೇ ಇರಲಿಲ್ಲ. ಆ ಉತ್ತರದ ಪ್ರತಿ ಹಿಡಿದು ಎಂಜಿನಿಯರ್ ಮುಂದೆ ನಿಂತಾಗ ಮೊದಲ ಸಲ ಅಂದಾಜು ಪಟ್ಟಿ ತಯಾರಾಯಿತು. ಕೊರೊನಾದಿಂದ ತಡವಾಯಿತು, ಆದರೂ ಸೇತುವೆ ಆಯಿತು. ಅಷ್ಟರಲ್ಲಿ, 2021ರ ಜುಲೈನಲ್ಲಿ, ಬೊಮ್ಮಾಯಿಯವರು ಮುಖ್ಯಮಂತ್ರಿಯಾಗಿದ್ದರು.

ಆ ಐದು ವರ್ಷ ಸರ್ಕಾರಗಳು ಬಿದ್ದವು, ವಿಧಾನಸಭೆ ಬೀಳಲಿಲ್ಲ. ಸಭಾಧ್ಯಕ್ಷರ ಪೀಠಕ್ಕೆ ಕಾಗೇರಿಯವರು ಬಂದರು, ಪ್ರಶ್ನೋತ್ತರ ವೇಳೆ ನಡೆಯುತ್ತಲೇ ಇತ್ತು. ಜನ ಮುಖ್ಯಮಂತ್ರಿ ಯಾರು ಅಂತ ಜಾಸ್ತಿ ತಲೆಕೆಡಿಸಿಕೊಳ್ಳುತ್ತಾರೆ, ಊರಿನ ಕೆಲಸಕ್ಕೆ ಈ ಪ್ರಶ್ನೋತ್ತರ ವೇಳೆಯೇ ಮುಖ್ಯ ಅಂತ ನನಗೆ ಖಾತ್ರಿಯಾಗಿದೆ.

ನಿಮ್ಮ ಶಾಸಕರು ಯಾವ ಪಕ್ಷವಾದರೂ ಸರಿ, ಅಧಿವೇಶನದ ದಿನಾಂಕ ಗೊತ್ತಾದ ಕೂಡಲೇ ಹೋಗಿ. ಪ್ರಶ್ನೆಗೆ ಮುಂಚಿತವಾಗಿ ಸೂಚನೆ ಕೊಡಬೇಕು, ಕೊನೆ ಗಳಿಗೆಯಲ್ಲಿ ಆಗಲ್ಲ. ಅವರೇ ಮಂತ್ರಿಯಾಗಿದ್ದರೆ ಪಕ್ಕದ ಕ್ಷೇತ್ರದ ಶಾಸಕರನ್ನೋ ವಿಧಾನ ಪರಿಷತ್ ಸದಸ್ಯರನ್ನೋ ಕೇಳಿ. ಸಾಧ್ಯವಾದರೆ ಚುಕ್ಕೆ ಗುರುತಿನ ಪ್ರಶ್ನೆಯೇ ಆಗಲಿ, ಅದು ಸದನದಲ್ಲಿ ಬಂದರೆ ಮೌಖಿಕ ಉತ್ತರ, ಉಪಪ್ರಶ್ನೆಗೂ ಅವಕಾಶ. ಮಂತ್ರಿ ಅಲ್ಲಿ 'ಮಾಡಿಸುತ್ತೇವೆ' ಅಂದರೆ ಸದನದ ಭರವಸೆಗಳ ಸಮಿತಿ ಅದರ ಬೆನ್ನು ಹತ್ತಬಹುದು. ಪ್ರಶ್ನೆಯಲ್ಲಿ ಗ್ರಾಮ, ಹೋಬಳಿ, ಹಳ್ಳದ ಹೆಸರು ಬರೆಯಿರಿ. 'ಯಾವಾಗ ಮಾಡುತ್ತೀರಿ' ಅನ್ನುವುದಕ್ಕಿಂತ ಮೊದಲು 'ಪ್ರಸ್ತಾವನೆ ಬಂದಿದೆಯೇ, ಯಾವ ಹಂತದಲ್ಲಿದೆ' ಅಂತ ಕೇಳಿಸಿ.