ಕೊಳೆಯಾದ ಕಡಲಿಗೆ ಕಟ್ಟಡ ಏನು ಮಾಡೀತು?

ಈ ತಿಂಗಳು ಬಂದ ಪತ್ರಗಳಲ್ಲಿ ನಾಲ್ಕು ಒಂದೇ ವಿಷಯದ ಸುತ್ತ ಇದ್ದವು: ಸಮುದ್ರದ ಕೊಳೆಯ ಬಗ್ಗೆ ಕಟ್ಟಡ, ಕಲೆ ಜನರನ್ನು ಎಚ್ಚರಿಸಬಲ್ಲವೇ ಅನ್ನುವುದು. ಹಾಗಾಗಿ ಸೋರುವ ತಾರಸಿ, ಅಡುಗೆಮನೆ ದಿಕ್ಕು, ಸೆಟ್‌ಬ್ಯಾಕ್ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ. ಕೇಳಿದವರು ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಾನು ಆರ್ಕಿಟೆಕ್ಚರ್ ಕೊನೇ ವರ್ಷದಲ್ಲಿ ಓದುತ್ತಿದ್ದೇನೆ. ಕಲುಷಿತ ಸಮುದ್ರದ ಬಗ್ಗೆ ಜನರ ಕಣ್ಣು ತೆರೆಸುವ ಕಟ್ಟಡ ನನ್ನ ಥೀಸಿಸ್ ವಿಷಯ. "ಬೆಂಗಳೂರಲ್ಲಿ ಕೂತ್ಕೊಂಡು ಸಮುದ್ರ ಯಾಕಮ್ಮಾ? ಮಂಗಳೂರಲ್ಲಿ ಸೈಟ್ ನೋಡು" ಅಂತಾರೆ ನಮ್ಮ ಗೈಡ್. ಕಟ್ಟಡದಿಂದ ನಿಜಕ್ಕೂ ಇಂಥ ಕೆಲಸ ಆಗುತ್ತಾ ಸರ್? ಸೈಟ್ ಎಲ್ಲಿ ಹುಡುಕಲಿ?
– ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ನಿಮ್ಮ ಗೈಡ್ ಕೇಳಿದ್ದು ಒಳ್ಳೆಯ ಪ್ರಶ್ನೆ. ಆದರೆ ಅದಕ್ಕೆ ಉತ್ತರ ಹುಡುಕಿಕೊಂಡು ಘಟ್ಟ ಇಳಿಯಬೇಕಾಗಿಲ್ಲ. ನಿಮ್ಮ ಬಡಾವಣೆಯ ರಾಜಕಾಲುವೆ ಹಿಡಿದು ನಡೆದರೆ ಸಾಕು.

ಬೆಂಗಳೂರು ಕೂತಿರುವುದು ಒಂದು ದಿಣ್ಣೆಯ ಮೇಲೆ. ದಿಣ್ಣೆಯಿಂದ ಪಶ್ಚಿಮಕ್ಕೆ ಇಳಿದ ನೀರು ವೃಷಭಾವತಿಗೆ ಸೇರಿ, ಬೈರಮಂಗಲ ಕೆರೆ ಹಾದು, ಅರ್ಕಾವತಿಯ ಜೊತೆಗೂಡಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೆ ಬೀಳುತ್ತದೆ. ಪೂರ್ವಕ್ಕೆ ಹೋದದ್ದು ಬೆಳ್ಳಂದೂರು, ವರ್ತೂರು ಕೆರೆಗಳನ್ನು ತುಂಬಿ ದಕ್ಷಿಣ ಪಿನಾಕಿನಿ ಸೇರುತ್ತದೆ. ಅಲ್ಲಿಂದ ಹೊಸೂರಿನ ಹತ್ತಿರ ಕೆಲವರಪಳ್ಳಿ ಅಣೆಕಟ್ಟು, ಆಮೇಲೆ ಕೃಷ್ಣಗಿರಿ, ಸಾತನೂರು, ಕೊನೆಗೆ ಕಡಲೂರಿನ ಬಳಿ ಬಂಗಾಳ ಕೊಲ್ಲಿ. ಬೇಸಿಗೆಯಲ್ಲಿ ಈ ನೀರೆಲ್ಲ ಕಡಲು ಮುಟ್ಟುವುದಿಲ್ಲ, ಅಣೆಕಟ್ಟುಗಳಲ್ಲೇ ನಿಂತುಬಿಡುತ್ತದೆ, ಅದೂ ನಿಜ. ಆದರೆ ಮಳೆ ಜೋರಾಗಿ ಗೇಟು ಎತ್ತಿದ ದಿನ, ಅಷ್ಟು ಕಾಲ ತಳದಲ್ಲಿ ಕೂತಿದ್ದದ್ದೂ ಸೇರಿ ಹೊರಡುತ್ತದೆ. ಕೆಲವರಪಳ್ಳಿಯ ಗೇಟಿನ ಕೆಳಗೆ ಏಳುವ ಬಿಳಿ ನೊರೆಯಲ್ಲಿ ನಮ್ಮೂರಿನ ಪಾಲು ದೊಡ್ಡದು. ಅಂದರೆ ಸಮುದ್ರ ನಮಗೆ ದೂರ ಇರಬಹುದು, ಸಮುದ್ರಕ್ಕೆ ನಾವು ದೂರ ಇಲ್ಲ.

ಈಗ ಕಟ್ಟಡದಿಂದ ಆಗುತ್ತಾ ಅನ್ನುವ ಪ್ರಶ್ನೆ. ಆಗುತ್ತದೆ. ಯಾವಾಗ ಅಂದರೆ, ಕಣ್ಣಿಗೆ ಕಾಣದ್ದನ್ನು ಕಟ್ಟಡ ಕಾಣಿಸಿದಾಗ. 2009ರಲ್ಲಿ ನ್ಯೂಯಾರ್ಕಿನಲ್ಲಿ 'ದಿ ಲಿವಿಂಗ್' ಎಂಬ ಆರ್ಕಿಟೆಕ್ಟ್‌ಗಳ ತಂಡ ಕಲಾವಿದೆ ನಟಾಲಿ ಜೆರೆಮಿಜೆಂಕೊ ಜೊತೆ ಸೇರಿ ಈಸ್ಟ್ ರಿವರ್ ಮತ್ತು ಬ್ರಾಂಕ್ಸ್ ನದಿಯಲ್ಲಿ ತೇಲುವ ಕೊಳವೆಗಳ ಸಾಲು ಬಿಟ್ಟಿತ್ತು. ಅದರ ಹೆಸರು 'ಆಂಫಿಬಿಯಸ್ ಆರ್ಕಿಟೆಕ್ಚರ್'. ಪ್ರತಿ ಕೊಳವೆಯ ಕೆಳಗೆ ನೀರಿನ ಗುಣಮಟ್ಟವನ್ನೂ ಮೀನಿನ ಓಡಾಟವನ್ನೂ ಹಿಡಿಯುವ ಸೆನ್ಸರ್, ಮೇಲೆ ಒಂದು ದೀಪ. ನೀರಿನ ಸ್ಥಿತಿಗೆ ತಕ್ಕ ಹಾಗೆ ದೀಪ ಬದಲಾಗುತ್ತಿತ್ತು. ಮೀನು ಹಾದುಹೋದರೆ ಮೇಲೆ ಬೆಳಕು. ದಂಡೆಯಲ್ಲಿದ್ದವರು ಮೊಬೈಲಿನಿಂದ ಮೆಸೇಜ್ ಕಳಿಸಿ ನೀರಿನ ಸುದ್ದಿ ಕೇಳಬಹುದಿತ್ತು. ಗೋಡೆ ಇಲ್ಲ, ಚಾವಣಿ ಇಲ್ಲ, ಆದರೂ ನಾನು ಅದನ್ನು ಅಪ್ಪಟ ವಾಸ್ತುಶಿಲ್ಪ ಅಂತಲೇ ಕರೆಯುತ್ತೇನೆ.

ಕಾಣದ್ದು ಅಂತ ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಸಮುದ್ರದ ಕೊಳೆ ಅಂದ ಕೂಡಲೇ ಎಲ್ಲರೂ ಪ್ಲಾಸ್ಟಿಕ್ ಬಾಟಲಿ ಬಿಡಿಸಲು ಶುರು ಮಾಡುತ್ತಾರೆ. 2021ರಲ್ಲಿ ಟರ್ಕಿಯ ಮರ್ಮರಾ ಸಮುದ್ರದ ಮೇಲೆ ದಪ್ಪ ಲೋಳೆ ಹರಡಿದ್ದು ನೆನಪಿದೆಯಾ? ಸುತ್ತಲಿನ ಊರುಗಳ ಕೊಳಚೆ ಮತ್ತು ಹೊಲದ ಗೊಬ್ಬರದಿಂದ ಬಂದ ಸಾರಜನಕ, ರಂಜಕ, ಜೊತೆಗೆ ಬಿಸಿಯಾಗಿ ಅಲುಗಾಡದೆ ನಿಂತ ನೀರು. ಸಣ್ಣ ಪಾಚಿಜೀವಿಗಳು ಮಿತಿಮೀರಿ ಬೆಳೆದು ಲೋಳೆ ಬಿಟ್ಟವು, ಮೀನುಗಾರರ ಬಲೆಗಳೆಲ್ಲ ಕಟ್ಟಿಕೊಂಡವು. ಸಾರಜನಕ, ರಂಜಕ ನೀರಲ್ಲಿ ಕರಗಿರುವಾಗ ದಂಡೆಯಲ್ಲಿ ನಿಂತವರ ಕಣ್ಣಿಗೆ ಏನೂ ಬೀಳುವುದಿಲ್ಲ. ಬಿದ್ದಾಗ ತಡವಾಗಿರುತ್ತದೆ. ಬಾಲ್ಟಿಕ್ ಸಮುದ್ರದ ತಳದಲ್ಲಿ ಆಮ್ಲಜನಕವೇ ಇಲ್ಲದ ದೊಡ್ಡ ದೊಡ್ಡ ಪ್ರದೇಶಗಳಿವೆ, ಅಲ್ಲಿಯೂ ಕಾರಣ ಇದೇ. ಅದನ್ನು ಉಳಿಸಲು ಸುತ್ತಲಿನ ದೇಶಗಳು 1974ರಲ್ಲೇ ಹೆಲ್ಸಿಂಕಿಯಲ್ಲಿ ಒಪ್ಪಂದ ಮಾಡಿಕೊಂಡವು, ಇನ್ನೂ ಒದ್ದಾಡುತ್ತಲೇ ಇವೆ.

ಹಾಗಾಗಿ ನಿಮ್ಮ ಸೈಟ್: ರಾಜಕಾಲುವೆ ಮೇಲೆ ಜನ ದಿನಾ ದಾಟುವ ಒಂದು ಕಾಲುಸೇತುವೆ. ಮ್ಯೂಸಿಯಂ ಮಾಡಿದರೆ ಟಿಕೆಟ್ ತಗೊಂಡು ಬರುವವರು ಮೊದಲೇ ಕಾಳಜಿ ಇದ್ದವರು. ನಿಮಗೆ ಬೇಕಾದವರು ಹಾಲು ತರಲು ಹೋಗುವವರು, ಬಸ್ಸಿಗೆ ಓಡುವವರು. ಸೇತುವೆಯ ಪಕ್ಕದ ಕಂಬಿಗಳಲ್ಲಿ ದೀಪ ಇಡಿ. ನೀರಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗಿಂತ ಮೇಲಿದ್ದರೆ ಒಂದು ಬಣ್ಣ, ಕೆಳಗಿಳಿದರೆ ಇನ್ನೊಂದು. ಈ 4 ನಾನು ಹುಟ್ಟಿಸಿದ ಸಂಖ್ಯೆಯಲ್ಲ. ಮೀನು ಬದುಕುವ ನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇಟ್ಟಿರುವ ಕನಿಷ್ಠ ಮಟ್ಟ. ಸ್ನಾನಕ್ಕೆ 5. ನಮ್ಮ ಬಹುಪಾಲು ಕಾಲುವೆಗಳಲ್ಲಿ ದೀಪ ಕೆಟ್ಟ ಬಣ್ಣದಲ್ಲೇ ನಿಂತಿರುತ್ತದೆ, ಇರಲಿ ಬಿಡಿ. ಮಳೆ ಬಂದ ರಾತ್ರಿ ಅದು ಬದಲಾದರೆ ಮಕ್ಕಳು ಯಾಕೆ ಅಂತ ಕೇಳುತ್ತಾರೆ.

ಒಂದು ಮಾತು ನೆನಪಿಡಿ. ಕೊಳಚೆ ನೀರಲ್ಲಿ ಇಟ್ಟ ಸೆನ್ಸರ್ ಕೆಲವೇ ದಿನಗಳಲ್ಲಿ ಲೋಳೆ ಹಿಡಿದು ಸುಳ್ಳು ಹೇಳಲು ಶುರು ಮಾಡುತ್ತದೆ. ಅದನ್ನು ಮೇಲೆತ್ತಿ, ಉಜ್ಜಿ, ಮತ್ತೆ ಇಳಿಬಿಡಲು ಒಬ್ಬರು ಬೇಕೇ ಬೇಕು. ಹಾಗಾಗಿ ಡ್ರಾಯಿಂಗಲ್ಲಿ ಮೊದಲು ಅವರಿಗೆ ಜಾಗ ಮಾಡಿ: ನಿಲ್ಲಲು ಜಾರದ ಕಟ್ಟೆ, ಕೈ ತೊಳೆಯಲು ಒಳ್ಳೆ ನೀರಿನ ನಲ್ಲಿ, ರಾಟೆ ಹಾಕಿದ ಹಗ್ಗ, ತಲೆ ಮೇಲೆ ನೆರಳು. ನಮ್ಮ ಹಳೆ ಕೆರೆಗಳಲ್ಲಿ ನೀರಿನ ಸ್ಥಿತಿ ಕಾಣುವ ಹಾಗೂ ಇತ್ತು, ನೋಡಿಕೊಳ್ಳುವವರೂ ಇದ್ದರು. ತೂಬಿನ ಕಲ್ಲುಕಂಬ ನೀರಿನ ಮೇಲೆ ಎದ್ದು ನಿಂತಿರುತ್ತಿತ್ತು, ನೀರು ಎಲ್ಲಿಯವರೆಗೆ ಬಂದಿದೆ ಅಂತ ಏರಿ ಮೇಲೆ ಹೋಗುವವರಿಗೆಲ್ಲ ಕಾಣುತ್ತಿತ್ತು, ತೂಬು ಎತ್ತಲು ನೀರುಗಂಟಿ ಇದ್ದ. ಕೋಡಿ ಬಿದ್ದರೆ ಊರೇ ಹೋಗಿ ನೋಡುತ್ತಿತ್ತು. ನಿಮ್ಮ ಥೀಸಿಸ್‌ನ ಕೇಸ್ ಸ್ಟಡಿಯಲ್ಲಿ ನ್ಯೂಯಾರ್ಕ್ ಪಕ್ಕದಲ್ಲೇ ಒಂದು ತೂಬನ್ನೂ ಅಳತೆ ಮಾಡಿ ಬರೆಯಿರಿ. ಹಾಗೇ ಮೆಜೆಸ್ಟಿಕ್ ಕಡೆಯಿಂದ ಬೆಳ್ಳಂದೂರಿಗೆ ಹೋಗುವ ಕಾಲುವೆಯಲ್ಲಿ ಕೆ-100 ಯೋಜನೆ ನೋಡಿ ಬನ್ನಿ. ಆರ್ಕಿಟೆಕ್ಟ್ ನರೇಶ್ ನರಸಿಂಹನ್ ಅವರ ಮಾಡ್ ಫೌಂಡೇಶನ್ ರೂಪಿಸಿದ್ದು, ಕೊಳಚೆಯನ್ನು ಬೇರೆ ಮಾಡಿ ಕಾಲುವೆ ದಂಡೆಯನ್ನು ಜನ ನಡೆಯುವ ಜಾಗ ಮಾಡುವ ಪ್ರಯತ್ನ. ಸರಿ ತಪ್ಪು ನೀವೇ ನೋಡಿ ತೀರ್ಮಾನಿಸಿ, ಆದರೆ ನೋಡದೆ ಡಿಸೈನ್ ಮಾಡಬೇಡಿ.

ಪ್ರಶ್ನೆ: ಬೆಲ್ಜಿಯಂನಲ್ಲಿ ಸಮುದ್ರದ ಪ್ಲಾಸ್ಟಿಕ್‌ನಿಂದ ದೊಡ್ಡ ತಿಮಿಂಗಿಲ ಕಟ್ಟಿದ್ದ ಫೋಟೋ ಮಗಳು ಕಳಿಸಿದಳು. ಚೆನ್ನಾಗಿದೆ, ಆದರೆ ಜನ ಸೆಲ್ಫಿ ತಗೊಂಡು ಹೋಗೋದು ಬಿಟ್ಟರೆ ಇದರಿಂದ ಏನು ಉಪಯೋಗ?
– ನಿವೃತ್ತ ಶಿಕ್ಷಕರು, ಮಲ್ಲೇಶ್ವರ

ಉತ್ತರ: ಮೇಷ್ಟ್ರೇ, ನೀವು ನೋಡಿದ್ದು 2018ರಲ್ಲಿ ಬ್ರೂಜ್ ಊರಿನ ಕಾಲುವೆಯಲ್ಲಿ ಸ್ಟುಡಿಯೋಕೆಸಿಎ ತಂಡ ನಿಲ್ಲಿಸಿದ ತಿಮಿಂಗಿಲ. ಹವಾಯಿಯ ದಂಡೆಗಳಲ್ಲಿ ಹೆಕ್ಕಿದ ಸುಮಾರು 5 ಟನ್ ಪ್ಲಾಸ್ಟಿಕ್. ನೀರಿನಿಂದ ಮೇಲೆ ಹಾರಿದ ಹಾಗೆ ಮೂರು ಮಹಡಿಗಿಂತ ಎತ್ತರ.

ಸೆಲ್ಫಿ ತಗೊಂಡವರ ಮೇಲೆ ನನಗೆ ಸಿಟ್ಟಿಲ್ಲ. ನಿಂತು ನೋಡಿದರಲ್ಲ. ಹತ್ತಿರ ಹೋದರೆ ಅದರ ಮೈಯೆಲ್ಲ ದಿನಬಳಕೆಯ ಪ್ಲಾಸ್ಟಿಕ್ಕೇ, ಯಾರ ಮನೆಯಲ್ಲಾದರೂ ಇರುವಂಥದ್ದು. ಆ ಕ್ಷಣಕ್ಕೆ ಒಂದು ಬೆಲೆ ಇದೆ. ನನ್ನ ತಕರಾರು ಬೇರೆ. ಪೆಸಿಫಿಕ್ ಸಾಗರದ ಕಸ ಬ್ರೂಜ್‌ಗೆ ಬಂದು ನಿಂತಾಗ ಅದು ಯಾರದೋ ಕಸವಾಗಿ ಉಳಿಯುತ್ತದೆ. ನೋಡಿದವನಿಗೆ ಅಯ್ಯೋ ಅನಿಸುತ್ತದೆ, ನಾಳೆ ಬೆಳಿಗ್ಗೆ ತಾನು ಏನು ಮಾಡಬೇಕು ಅಂತ ಹೊಳೆಯುವುದಿಲ್ಲ.

ಅದೇ ವರ್ಷ ರಾಟರ್‌ಡ್ಯಾಮ್‌ನಲ್ಲಿ ಮಾಡಿದ್ದು ನನಗೆ ಜಾಸ್ತಿ ಇಷ್ಟ. ಅಲ್ಲಿ ಹರಿಯುವ ನದಿಯಲ್ಲಿ ಬಲೆಯಂಥ ಬೋನುಗಳನ್ನಿಟ್ಟು, ಪ್ಲಾಸ್ಟಿಕ್ ಸಮುದ್ರ ಸೇರುವ ಮೊದಲೇ ಹಿಡಿದರು. ಅದನ್ನೇ ಸಂಸ್ಕರಿಸಿ ಆರು ಮೂಲೆಯ ತೇಲುವ ಕಟ್ಟೆಗಳನ್ನು ಮಾಡಿ, ಒಂದಕ್ಕೊಂದು ಜೋಡಿಸಿ, ಬಂದರಿನಲ್ಲಿ ಸಣ್ಣ ಪಾರ್ಕ್ ಮಾಡಿದರು. ಮೇಲೆ ಗಿಡ, ಕೂರಲು ಜಾಗ. ಕೆಳಭಾಗವನ್ನು ಬೇಕಂತಲೇ ಒರಟಾಗಿ ಬಿಟ್ಟಿದ್ದರು, ಪಾಚಿ ಹಿಡಿದು ಮೀನು ಬರಲಿ ಅಂತ. ಆ ಊರಿನವರು ಕೂತದ್ದು ಆ ಊರಿನ ನದಿಯಲ್ಲಿ ಸಿಕ್ಕಿದ ಕಸದ ಮೇಲೆ.

ಪ್ರಶ್ನೆ: ನಾನು ಸಿವಿಲ್ ಎಂಜಿನಿಯರ್. ಎಚ್ಚರ ಮೂಡಿಸೋದು, ಕಲೆ, ವಾಸ್ತುಶಿಲ್ಪ ಇದಕ್ಕೆಲ್ಲ ದುಡ್ಡು ಸುರಿಯುವ ಬದಲು ಇನ್ನೊಂದು ಕೊಳಚೆ ಶುದ್ಧೀಕರಣ ಘಟಕ ಕಟ್ಟಿದರೆ ಸಮುದ್ರಕ್ಕೂ ಒಳ್ಳೇದು, ನದಿಗೂ ಒಳ್ಳೇದು ಅಲ್ವಾ?
– ಓದುಗರು, ವಿಜಯನಗರ

ಉತ್ತರ: ಘಟಕ ಕಟ್ಟಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಎರಡರಲ್ಲಿ ಒಂದನ್ನೇ ಆರಿಸಿ ಅಂದರೆ ನಾನೂ ನಿಮ್ಮ ಕಡೆಗೇ ಕೈ ಎತ್ತುತ್ತೇನೆ. ಆದರೆ ಬರೀ ಎಂಜಿನಿಯರಿಂಗ್ ನಂಬಿ ಜನರ ಕಣ್ಣಿಂದ ಕೊಳೆ ಮರೆ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಲಂಡನ್ ಇದೆ.

1858ರ ಬೇಸಿಗೆಯಲ್ಲಿ ಥೇಮ್ಸ್ ನಾತಕ್ಕೆ ಪಾರ್ಲಿಮೆಂಟಿನವರೇ ಕೂರಲಾರದೆ ಹೋದರು. ಎಂಜಿನಿಯರ್ ಜೋಸೆಫ್ ಬಜಾಲ್ಗೆಟ್ ಮಹಾ ದೊಡ್ಡ ಒಳಚರಂಡಿ ಕಟ್ಟಿದ. 1865ರಲ್ಲಿ ಶುರುವಾದ ಕ್ರಾಸ್‌ನೆಸ್ ಪಂಪಿಂಗ್ ಸ್ಟೇಷನ್ನಿನ ಒಳಗಿನ ಎರಕದ ಕಬ್ಬಿಣದ ಕುಸುರಿ ಇವತ್ತಿಗೂ ಜನ ಹೋಗಿ ನೋಡುತ್ತಾರೆ, ಅಷ್ಟು ಚೆಂದ. ಊರಿನೊಳಗೆ ಕಾಲರಾ ತಗ್ಗಿತು, ಅದು ಸಣ್ಣ ಸಾಧನೆಯಲ್ಲ. ಆದರೆ ಆ ಪಂಪುಗಳು ಮಾಡುತ್ತಿದ್ದದ್ದು ಇಷ್ಟೇ: ಕೊಳಚೆಯನ್ನು ಹಾಗೇ ಎತ್ತಿ, ಇಳಿತದ ಹೊತ್ತಿಗೆ ನದಿಗೆ ಬಿಟ್ಟು, ಸಮುದ್ರದ ಕಡೆ ಕಳಿಸುವುದು. 1878ರಲ್ಲಿ 'ಪ್ರಿನ್ಸೆಸ್ ಆಲಿಸ್' ಅನ್ನುವ ಪ್ರಯಾಣಿಕರ ಹಡಗು ಆ ಕೊಳಚೆ ಬೀಳುವ ಜಾಗದ ಹತ್ತಿರವೇ ಮುಳುಗಿ 600ಕ್ಕೂ ಹೆಚ್ಚು ಜನ ಸತ್ತರು. ಆ ದುರಂತ ಎಲ್ಲರ ಕಣ್ಣನ್ನು ಈ ಕೊಳಚೆಯತ್ತ ತಿರುಗಿಸಿತು. ಆಮೇಲೆ ಕೊಳಚೆಯಿಂದ ಕೆಸರನ್ನು ಬೇರ್ಪಡಿಸಿದರು, ಸರಿ. ಆದರೆ 1887ರಿಂದ ಅದನ್ನು ಹಡಗಿಗೆ ತುಂಬಿ ನೇರ ಸಮುದ್ರಕ್ಕೆ ಸುರಿದರು. ಈ ಸುರಿಯುವುದು ನಿಂತಿದ್ದು 1998ರಲ್ಲಿ. ನೂರು ವರ್ಷಕ್ಕೂ ಮೇಲೆ! ಊರಿನ ಜನರಿಗೆ ನಾತ ಬರುತ್ತಿರಲಿಲ್ಲ, ಹಾಗಾಗಿ ಕೇಳುವವರೂ ಕಡಿಮೆ.

ನಮ್ಮಲ್ಲೂ ಇದೇ ಬುದ್ಧಿ ಇದೆ. 2015ರ ಮೇ ತಿಂಗಳಲ್ಲಿ ಬೆಳ್ಳಂದೂರು ಕೆರೆ ಕೋಡಿಯ ಹತ್ತಿರ ನೊರೆಗೇ ಬೆಂಕಿ ಹತ್ತಿಕೊಂಡಿತು. ಸೋಪು, ಡಿಟರ್ಜೆಂಟು ತುಂಬಿದ ನೀರು ಕೋಡಿಯಿಂದ ಧುಮುಕಿದಾಗ ಗಾಳಿ ಸೇರಿ ಆಳೆತ್ತರ ನೊರೆ. ಯಮಲೂರು ಸೇತುವೆ ಮೇಲೆ ಅದರ ಉಂಡೆಗಳು ಹಾರಿ ಬಂದು ಸ್ಕೂಟರಿನವರ ಹೆಲ್ಮೆಟ್ಟಿಗೆ, ಶರ್ಟಿಗೆ ಅಂಟುತ್ತಿದ್ದವು, ಮೈ ತುರಿಸುತ್ತಿತ್ತು. ನೊರೆ ರಸ್ತೆಗೆ ಬಾರದಿರಲಿ ಅಂತ ಎತ್ತರಕ್ಕೆ ಬಲೆ ಕಟ್ಟಿದರು. ಸವಾರರಿಗೆ ಅದು ಬೇಕಿತ್ತು, ಒಪ್ಪುತ್ತೇನೆ. ಆದರೆ ನೊರೆಯ ಮೂಲ ನಮ್ಮ ಬಟ್ಟೆ ಒಗೆಯುವ ಮಷೀನು ಅಂತ ಹೇಳುವ ಒಂದು ಕಲ್ಲು, ಒಂದು ಕಟ್ಟೆ, ಒಂದು ಕಿಂಡಿ ಕೂಡ ಅಲ್ಲಿ ಬರಲಿಲ್ಲವಲ್ಲ!

ಎರಡನ್ನೂ ಸೇರಿಸಿ ಮಾಡಿದ ಊರು ಕೋಪನ್‌ಹೇಗನ್. ಅಲ್ಲಿನ ಬಂದರಿನ ನೀರಿಗೆ ದಶಕಗಳ ಕಾಲ ಯಾರೂ ಇಳಿಯುವ ಹಾಗಿರಲಿಲ್ಲ. ಮಳೆ ಬಂದಾಗ ಉಕ್ಕುವ ಕೊಳಚೆಯನ್ನು ಹಿಡಿದಿಡಲು ಪಾಲಿಕೆ ನೆಲದಡಿ ದೊಡ್ಡ ತೊಟ್ಟಿಗಳನ್ನು ಕಟ್ಟಿತು. ಇದು ನಿಮ್ಮ ಕೆಲಸ, ಎಂಜಿನಿಯರದ್ದು. ಅದು ಮುಗಿದ ಮೇಲೆ, 2003ರ ಹೊತ್ತಿಗೆ, ಇಸ್ಲಾಂಡ್ಸ್ ಬ್ರೂಗೆ ಎಂಬಲ್ಲಿ ಆರ್ಕಿಟೆಕ್ಟ್‌ಗಳಾದ ಬ್ಯಾರ್ಕೆ ಇಂಗೆಲ್ಸ್ ಮತ್ತು ಜೂಲಿಯನ್ ಡಿ ಸ್ಮೆಟ್ ಅವರ ತಂಡ ಮರದ ಹಲಗೆಗಳ ತೇಲುವ ಈಜುಕೊಳ ಬಂದರಿನಲ್ಲೇ ಮಾಡಿತು. ಪುಕ್ಕಟೆ ಪ್ರವೇಶ. ಜೋರು ಮಳೆಯಲ್ಲಿ ಕೊಳಚೆ ಉಕ್ಕಿದರೆ ಈಜು ಬಂದ್. ಅಂದರೆ ಚರಂಡಿ ವ್ಯವಸ್ಥೆ ಕೈಕೊಟ್ಟ ದಿನ ಊರಿಗೆಲ್ಲ ಗೊತ್ತಾಗುತ್ತದೆ, ಮಕ್ಕಳು ಟವೆಲ್ ಹಿಡಿದು ವಾಪಸ್ ಬರುತ್ತಾರೆ, ಅಪ್ಪ ಅಮ್ಮ ಪಾಲಿಕೆಯನ್ನು ಕೇಳುತ್ತಾರೆ. ನೀವು ಕಟ್ಟುವ ಘಟಕ ಹತ್ತು ವರ್ಷ ಆದಮೇಲೂ ಸರಿಯಾಗಿ ನಡೆಯಬೇಕು ಅಂದರೆ ಹೀಗೆ ಕೇಳುವವರು ಬೇಕು ಸ್ವಾಮಿ. ರಿಯೊ ಡಿ ಜನೈರೊದಲ್ಲಿ 2015ರಲ್ಲಿ ಆರ್ಕಿಟೆಕ್ಟ್ ಕ್ಯಾಲಟ್ರಾವಾ ವಿನ್ಯಾಸದ ಸೊಗಸಾದ 'ನಾಳೆಯ ಮ್ಯೂಸಿಯಂ' ಕೊಲ್ಲಿಯ ದಂಡೆಯಲ್ಲೇ ಎದ್ದಿತು, ಕಟ್ಟಡ ತಣ್ಣಗಿಡಲು ಕೊಲ್ಲಿಯ ನೀರನ್ನೇ ಬಳಸುತ್ತದೆ. ಆದರೆ ಮರುವರ್ಷದ ಒಲಿಂಪಿಕ್ಸ್ ಹೊತ್ತಿಗೆ ಕೊಲ್ಲಿಗೆ ಬರುವ ಕೊಳಚೆಯ 80% ಶುದ್ಧ ಮಾಡುತ್ತೇವೆ ಅಂದ ಮಾತು ಮಾತಾಗಿಯೇ ಉಳಿಯಿತು. ಒಂದೇ ಕೈಯಲ್ಲಿ ಚಪ್ಪಾಳೆ ಆಗಲ್ಲ ಅನ್ನುವುದು ಎರಡೂ ಕಡೆಗೆ ಅನ್ವಯಿಸುತ್ತದೆ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್ ಅಸೋಸಿಯೇಷನ್ 'ಸಮುದ್ರ ಉಳಿಸಿ' ಅಂತ ಗೇಟಿನ ಹತ್ತಿರ ಬಾಟಲಿಗಳ ಆಮೆ ಮಾಡಿಸಬೇಕು ಅಂತಿದೆ. ನಿಮ್ಮ ಸಲಹೆ?
– ಗೃಹಿಣಿ, ವರ್ತೂರು ರಸ್ತೆ

ಉತ್ತರ: ಆಮೆ ಬೇಡ ಅನ್ನಲ್ಲ, ಮಕ್ಕಳಿಗೆ ಖುಷಿ ಆಗುತ್ತೆ. ಆದರೆ ಎರಡು ಮಳೆಗಾಲ ಕಳೆದ ಮೇಲೆ ಅದೇ ಪುಡಿಪುಡಿಯಾಗಿ ಚರಂಡಿ ಸೇರದ ಹಾಗೆ ನೋಡಿಕೊಳ್ಳುವವರು ಯಾರು ಅಂತ ಮೀಟಿಂಗಲ್ಲಿ ಕೇಳಿ.

ಅದೇ ದುಡ್ಡಲ್ಲಿ ಇನ್ನೊಂದು ಕೆಲಸ ಮಾಡಬಹುದು. ನಿಮ್ಮ ಕಟ್ಟಡಕ್ಕೆ ಎಸ್‌ಟಿಪಿ (ಕೊಳಚೆ ಶುದ್ಧೀಕರಣ ಘಟಕ) ಇರಲೇಬೇಕು, ಬೇಸ್‌ಮೆಂಟಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಬಹಳ ಜನ ಅದನ್ನು ನೋಡಿಯೇ ಇರಲ್ಲ. ಲಿಫ್ಟ್ ಪಕ್ಕದ ಗೋಡೆಯಲ್ಲಿ ಎರಡು ಗಾಜಿನ ಸಿಲಿಂಡರ್ ಕೂರಿಸಿ, ಬಿಗಿ ಮುಚ್ಚಳ ಇರಲಿ. ಒಂದರಲ್ಲಿ ಎಸ್‌ಟಿಪಿಗೆ ಹೋಗುವ ನೀರು, ಇನ್ನೊಂದರಲ್ಲಿ ಅಲ್ಲಿಂದ ಹೊರಬರುವ ನೀರು. ವಾರಕ್ಕೊಮ್ಮೆ ಬದಲಾಯಿಸಿ, ತಾರೀಖು ಬರೆಯಿರಿ. ಎರಡನೆಯದು ತಿಳಿಯಾಗಿದ್ದರೆ ಸರಿ, ಆದರೂ ಲ್ಯಾಬ್ ರಿಪೋರ್ಟನ್ನು ಪಕ್ಕದಲ್ಲಿ ಅಂಟಿಸಿ, ಕರಗಿದ ರಂಜಕ ತಿಳಿನೀರಲ್ಲೂ ಇರುತ್ತದೆ. ಕೆಳಗೆ ಒಂದು ನಕ್ಷೆ: ನಿಮ್ಮ ಗೇಟು, ವರ್ತೂರು ಕೆರೆ, ದಕ್ಷಿಣ ಪಿನಾಕಿನಿ, ಕಡಲೂರು. ಖರ್ಚು ಆಮೆಗಿಂತ ಕಡಿಮೆಯೇ ಆದೀತು. ಎಸ್‌ಟಿಪಿ ನೋಡಿಕೊಳ್ಳುವ ಆಪರೇಟರ್ ಅವರನ್ನು ಒಂದು ಭಾನುವಾರ ಕರೆದು, ಅದು ಹೇಗೆ ಕೆಲಸ ಮಾಡುತ್ತೆ, ಯಾವ ಫ್ಲೋರಿನಿಂದ ಏನೇನು ಬಂದು ಸಿಕ್ಕಿಹಾಕಿಕೊಳ್ಳುತ್ತೆ ಅಂತ ಮಕ್ಕಳಿಗೆ ಹೇಳಿಸಿ. ಕಾಫಿ ತಿಂಡಿ ಖರ್ಚು ಅಸೋಸಿಯೇಷನ್ನಿನದು.