777 ಕೊಟ್ಟರೂ ಬಾಗಿಲು ತೆರೆಯುತ್ತಿಲ್ಲ!

ಪ್ರಶ್ನೆ: ನಮ್ಮ ಕಾಲೇಜು ಗ್ರಂಥಾಲಯದ ಸರ್ವರಿನಲ್ಲಿ ಆಲ್ಮಾಲಿನಕ್ಸ್ (ಲಿನಕ್ಸ್‌ನ ಒಂದು ಬಗೆ) ಇದೆ. ಹಳೆಯ ಪ್ರಶ್ನೆಪತ್ರಿಕೆಗಳ ಪಿಡಿಎಫ್‌ಗಳನ್ನು ವೆಬ್‌ಸೈಟಿಗೆ ಹಾಕಿದೆ. ತೆರೆದರೆ 403, ಅಂದರೆ ಪ್ರವೇಶವಿಲ್ಲ, ಎಂದು ಬರುತ್ತದೆ. ಎಲ್ಲರಿಗೂ ಎಲ್ಲ ಪರ್ಮಿಶನ್ ಕೊಡುವ 'ಚ್‌ಮಾಡ್ 777' ಕೊಟ್ಟರೂ ಅಷ್ಟೇ. 'ಸೆಟ್‌ಎನ್‌ಫೋರ್ಸ್ 0' ಕೊಟ್ಟು ಎಸ್‌ಇಲಿನಕ್ಸ್ ಎಂಬ ಲಿನಕ್ಸ್ ಕಾವಲನ್ನು ಸಡಿಲಿಸಿದೊಡನೆ ಸರಿಹೋಯಿತು. ಹಾಗೇ ಬಿಡಲೇ? ಫೈಲ್ ಪರ್ಮಿಶನ್ ಇರುವಾಗ ಇನ್ನೊಂದು ಕಾವಲು ಯಾಕೆ?
– ಓದುಗರೊಬ್ಬರು, ಹಾವೇರಿ

ಉತ್ತರ: ಬಿಡಬೇಡಿ. ನಾನೂ ಒಮ್ಮೆ ಹೀಗೆ ಸಡಿಲಿಸಿ, ಮರೆತೇಬಿಟ್ಟಿದ್ದೆ. 403 ಬರಲು ಕಾರಣ ಆಡಿಟ್ ಲಾಗಿನ (ಕಾವಲು ಏನನ್ನು ತಡೆಯಿತು ಎಂದು ಬರೆದಿಡುವ ಫೈಲ್) ಒಂದೇ ಸಾಲಿನಲ್ಲಿತ್ತು. ನಾನು ತೆರೆದೇ ನೋಡಿರಲಿಲ್ಲ.

ಆ ಪಿಡಿಎಫ್‌ಗಳು ಮೊದಲು ನಿಮ್ಮ ಹೋಮ್ ಫೋಲ್ಡರಿನಲ್ಲಿದ್ದವು, ಅಲ್ಲಿಂದ 'ಎಂವಿ' (ಮೂವ್) ಕೊಟ್ಟು ತಂದಿರಿ, ಅಲ್ವಾ? 'ಸಿಪಿ' (ಕಾಪಿ) ಕೊಟ್ಟಿದ್ದರೆ ಬಹುಶಃ ಈ ಪತ್ರವೇ ಬರುತ್ತಿರಲಿಲ್ಲ. ಎಸ್‌ಇಲಿನಕ್ಸ್ ಪ್ರತಿ ಫೈಲಿಗೂ ಒಂದು ಲೇಬಲ್ ಅಂಟಿಸುತ್ತದೆ. ಕಾಪಿ ಮಾಡಿದರೆ ಹೊಸ ಜಾಗದ ಲೇಬಲ್ ಸಿಗುತ್ತದೆ. ಮೂವ್ ಮಾಡಿದರೆ ಹಳೆಯದೇ ಜೊತೆಗೆ ಬರುತ್ತದೆ. ಹೋಮ್ ಲೇಬಲಿನ ಫೈಲನ್ನು ವೆಬ್‌ಸೈಟ್ ನಡೆಸುವ ಅಪಾಚೆ ಮುಟ್ಟುವಂತಿಲ್ಲ. (ಉಬುಂಟು ಲಿನಕ್ಸ್‌ನ ಇಂಥದೇ ಕಾವಲು ಆಪ್‌ಆರ್ಮರ್ ಲೇಬಲ್ ನೋಡುವುದಿಲ್ಲ, ಫೈಲ್ ಇರುವ ದಾರಿ ನೋಡುತ್ತದೆ. ಅಲ್ಲಿ ಈ ತಲೆನೋವಿಲ್ಲ.)

ಲಿನಕ್ಸ್‌ನ ತಿರುಳಾದ ಕರ್ನಲ್ ಮೊದಲು ಪರ್ಮಿಶನ್ ನೋಡುತ್ತದೆ, ಆಮೇಲೆ ಎಸ್‌ಇಲಿನಕ್ಸ್. ಎರಡೂ ಒಪ್ಪಬೇಕು. ಪರ್ಮಿಶನ್ ಎಂದರೆ ಫೈಲಿನ ಮಾಲೀಕನ ಮರ್ಜಿ. ನೀವು 777 ಕೊಟ್ಟಂತೆ ಯಾರು ಬೇಕಾದರೂ ತಮ್ಮ ಫೈಲನ್ನು ಊರಿಗೆಲ್ಲ ತೆರೆದಿಡಬಹುದು. ಎಸ್‌ಇಲಿನಕ್ಸ್‌ನದು ಇಡೀ ಸರ್ವರಿನ ಕಟ್ಟಳೆ. ಮದುವೆ ಮನೆಯಲ್ಲಿ ಅಡುಗೆಯವನಿಗೆ ಅಡುಗೆಮನೆ ಅಷ್ಟೇ. ಒಡವೆ ಕೋಣೆಯ ಬಾಗಿಲು ಹಾರುಹೊಡೆದಿದ್ದರೂ ಅವನು ಒಳಗೆ ಹೋಗುವ ಹಾಗಿಲ್ಲ. ನಾಳೆ ನಿಮ್ಮ ವೆಬ್‌ಸೈಟಿನ ಕಿಂಡಿಯಿಂದ ಯಾರೋ ನುಗ್ಗಿದರೆ ಅವರಿಗೆ ಸಿಗುವುದು ಅಪಾಚೆಯ ವೇಷ. ಬರೀ ಪರ್ಮಿಶನ್ ಇದ್ದರೆ 777 ಇರುವ ಫೋಲ್ಡರಿನಲ್ಲೆಲ್ಲ ಅವರು ಬರೆಯಬಹುದು. ಎಸ್‌ಇಲಿನಕ್ಸ್ ಇದ್ದರೆ ಅಪಾಚೆಗೆ ಗೊತ್ತುಮಾಡಿದ ಜಾಗದಾಚೆ ಹೆಜ್ಜೆ ಇಡುವುದು ಕಷ್ಟ.

ಇದನ್ನು 2000ದಲ್ಲಿ ಹೊರಬಿಟ್ಟದ್ದು ಅಮೆರಿಕದ ಬೇಹುಗಾರಿಕೆ ಸಂಸ್ಥೆ ಎನ್‌ಎಸ್‌ಎ. ಅದಕ್ಕೇ ನಾನು ಮೊದಮೊದಲು ಮೂಗು ಮುರಿದಿದ್ದೆ. ಈಗ ನಿಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲೂ ಇದೇ ಕಾವಲು.

ಈಗ ಕೆಲಸ. ಲೇಬಲ್ ಸರಿಪಡಿಸಲು ವೆಬ್ ಫೋಲ್ಡರಿಗೆ 'ರಿಸ್ಟೋರ್‌ಕಾನ್ -ಆರ್‌ವಿ' ಕೊಡಿ, ಆರ್ ದೊಡ್ಡಕ್ಷರ. ಲೇಬಲ್ ಬದಲಾಯಿತೇ ಎಂದು 'ಎಲ್‌ಎಸ್ -ಝಡ್' ಹಾಕಿ ನೋಡಿ, ಇಲ್ಲಿ ಝಡ್ ದೊಡ್ಡಕ್ಷರ. 777 ತೆಗೆದು, ಚ್‌ಮಾಡ್‌ನಿಂದ ಫೋಲ್ಡರುಗಳಿಗೆ 755, ಫೈಲುಗಳಿಗೆ 644 ಕೊಡಿ; ಆಗ ಬರೆಯುವುದು ಮಾಲೀಕನಿಗೆ ಮಾತ್ರ. ಆಮೇಲೆ 'ಸೆಟ್‌ಎನ್‌ಫೋರ್ಸ್ 1' ಕೊಟ್ಟು ಕಾವಲನ್ನು ಮತ್ತೆ ಬಿಗಿ ಮಾಡಿ. ಆಗಲೂ 403 ಬಂದರೆ ಆಡಿಟ್ ಲಾಗಿನಲ್ಲಿ 'ಡಿನೈಡ್' ಇರುವ ಸಾಲನ್ನು ನನಗೆ ಬರೆದು ಕಳಿಸಿ.