ಸಂಗೀತ ಪ್ರಶ್ನೋತ್ತರ: ಪುರಂದರದಾಸರ ಪಾಠದ ಸಂದೇಹಗಳು

ಪ್ರಶ್ನೆ: ಸರಳೆ ವರಸೆಯನ್ನು, ಅಂದರೆ ಸ್ವರದ ಮೊದಲ ಪಾಠವನ್ನು, ಮಾಯಾಮಾಳವಗೌಳ ರಾಗದಲ್ಲೇ ಏಕೆ ಶುರುಮಾಡುತ್ತಾರೆ? ಮಗಳಿಗೆ ರಿಷಭ (ರಿ) ನಿಲ್ಲುತ್ತಲೇ ಇಲ್ಲ. ಶಂಕರಾಭರಣ ರಾಗ ಸುಲಭವಲ್ಲವೇ?

ಉತ್ತರ: ಸರಳೆ, ಜಂಟಿ (ಜೋಡಿ ಸ್ವರ), ಅಲಂಕಾರ (ತಾಳಕ್ಕೆ ಹೊಂದಿಸಿದ ಸ್ವರಪಾಠ), ಆಮೇಲೆ ಗೀತೆ ಎಂಬ ಈ ಕ್ರಮವನ್ನು ಹಾಕಿಕೊಟ್ಟವರು ಪುರಂದರದಾಸರು ಎಂದು ಸಂಪ್ರದಾಯ ಹೇಳುತ್ತದೆ. ಅವರನ್ನು ಸಂಗೀತ ಪಿತಾಮಹ ಎನ್ನುವುದೂ ಇದಕ್ಕೇ. ಮಾಯಾಮಾಳವಗೌಳದ ಲೆಕ್ಕವನ್ನು ಕೀಬೋರ್ಡಿನ ಮೇಲೆ ನೋಡಿ. ಕಪ್ಪು, ಬಿಳಿ ಕೀಗಳನ್ನೆಲ್ಲ ಸಾಲಾಗಿ ಎಣಿಸಿದರೆ ಸ–ರಿ ಒಂದು ಹೆಜ್ಜೆ, ರಿ–ಗ ಮೂರು, ಗ–ಮ ಒಂದು. ಪಂಚಮದಿಂದ (ಪ) ಮೇಲಕ್ಕೂ ಅದೇ ಒಂದು, ಮೂರು, ಒಂದು. ಕೆಳಗಿನ ಅರ್ಧ ಕುದುರಿದರೆ ಮೇಲಿನ ಅರ್ಧ ಅದರ ನಕಲು. ಶಂಕರಾಭರಣದಲ್ಲಿ ಇಷ್ಟು ಪುಟ್ಟ ಹೆಜ್ಜೆಯ ಪಕ್ಕದಲ್ಲೇ ಇಷ್ಟು ದೊಡ್ಡ ಹೆಜ್ಜೆ ಸಿಗುವುದಿಲ್ಲ; ಕಿವಿಗೆ ಪಾಠವಾಗುವುದು ಆ ವ್ಯತ್ಯಾಸವೇ.

ರಿಷಭ ಮೇಲಕ್ಕೆ ಜಾರುವುದು ಸಿನಿಮಾ ಹಾಡು ಕೇಳಿ ಪಳಗಿದ ಕಿವಿಯ ಕಾಟ. ತಂಬೂರಿ ಹಾಕಿಕೊಂಡು ‘ಸ ರಿ ಸ’ ಮಾತ್ರ ಹಾಡಿಸಿ, ರಿಯನ್ನು ನಾಲ್ಕು ಅಕ್ಷರ (ತಾಳದ ಎಣಿಕೆ) ಹಿಡಿಸಿ. ಇನ್ನೊಂದು ಎಡವಟ್ಟು ಮೂರನೇ ಕಾಲದಲ್ಲಿ (ನಾಲ್ಕು ಪಟ್ಟು ವೇಗದಲ್ಲಿ) ತಾಳದ ಕೈಯೂ ಓಡುವುದು. ತಾಳ ನಿಮಿಷಕ್ಕೆ 60 ಪೆಟ್ಟಿನಲ್ಲೇ ಇರಬೇಕು. ಅಕ್ಷರಕ್ಕೆ ಒಂದು, ಎರಡು, ನಾಲ್ಕು ಎಂದು ಹೆಚ್ಚುವುದು ಸ್ವರ ಮಾತ್ರ.

ಪ್ರಶ್ನೆ: ‘ಶ್ರೀ ಗಣನಾಥ’ ಗೀತೆಯಲ್ಲಿ ಏರುವಾಗ ಗಾಂಧಾರ (ಗ) ತಾಗುತ್ತದೆ. ತಾಳವೂ ತಪ್ಪುತ್ತದೆ.

ಉತ್ತರ: ತಿಂಗಳುಗಟ್ಟಲೆ ‘ಸರಿಗಮ’ ಹೇಳಿದ ನಾಲಿಗೆ ಅದು! ಈ ಗೀತೆಯ ರಾಗ ಮಲಹರಿ. ಅದರ ಆರೋಹಣ (ಏರಿಕೆ) ಸ ರಿ ಮ ಪ ದ ಸ, ಅವರೋಹಣ (ಇಳಿಕೆ) ಸ ದ ಪ ಮ ಗ ರಿ ಸ. ನಿಷಾದ (ನಿ) ಇಲ್ಲವೇ ಇಲ್ಲ, ಗಾಂಧಾರ ಇಳಿಯುವಾಗ ಮಾತ್ರ. ಎಡವುವ ಜಾಗ ‘ಕರುಣಾ ಸಾಗರ’ (ರಿ ಮ ಪ ದ ಮ ಪ). ಗಾಂಧಾರ ಮೊದಲು ಬರುವುದು ‘ಕರಿವದನ’ದಲ್ಲಿ (ದ ಪ ಮ ಗ ರಿ ಸ). ಆ ಎರಡು ಸಾಲನ್ನೇ ಬೆನ್ನುಬೆನ್ನಿಗೆ ಹತ್ತು ಸಲ ಹಾಡಿಸಿ.

ತಾಳ ರೂಪಕ, ಆರು ಅಕ್ಷರ: ಒಂದು ಪೆಟ್ಟು, ಒಂದು ಹುಸಿ (ಅಂಗೈ ಮೇಲೆ ಮಾಡಿ ಬೀಸುವುದು), ಮತ್ತೆ ಒಂದು ಪೆಟ್ಟು, ಮೂರು ಬೆರಳು. ಕಛೇರಿಯ ‘ಎರಡು ಪೆಟ್ಟು, ಒಂದು ಹುಸಿ’ ಇಲ್ಲಿಗೆ ಬೇಡ. ಅದರಲ್ಲಿ ಬೆರಳೆಣಿಕೆ ಕಲಿಯುವುದೇ ಇಲ್ಲ.

ಮುಂದೆ ‘ಕೆರೆಯ ನೀರನು’ ಗೀತೆಯ ತ್ರಿಪುಟ ತಾಳಕ್ಕೆ (ಮೂರು, ನಾಲ್ಕು ಸೇರಿ ಏಳು ಅಕ್ಷರ) ಬಂದಾಗ ಈ ಕಷ್ಟ ಕಡಿಮೆ, ಏಕೆಂದರೆ ಮಾತೇ ತಾಳ ಹಾಕುತ್ತದೆ. ಕೆರೆಯ ಮೂರು ಮಾತ್ರೆ, ನೀರನು ನಾಲ್ಕು. ವರವ ಮೂರು, ಪಡೆದವ ನಾಲ್ಕು. ರಂತೆ ಮೂರು, ಕಾಣಿರೊ ನಾಲ್ಕು. ಕನ್ನಡ ಬಲ್ಲ ಮಗುವಿಗೆ ಮೊದಲು ಬರೀ ಮಾತನ್ನು ತಟ್ಟಿಕೊಂಡು ಹೇಳಿಸಿ, ಸ್ವರ ಆಮೇಲೆ. ಪುರಂದರ ವಿಠಲ ಅಂಕಿತವೂ ಈ ಗೀತೆಯಲ್ಲಿದೆ, ‘ಶ್ರೀ ಗಣನಾಥ’ದಲ್ಲಿಲ್ಲ.

ಪ್ರಶ್ನೆ: ದಾಸರ ಊರು ಪುರಂದರಗಡವೋ ತೀರ್ಥಹಳ್ಳಿಯೋ?

ಉತ್ತರ: ಪುಣೆ ಬಳಿಯ ಪುರಂದರಗಡ ಎನ್ನುವುದು ಹಳೆಯ ನಂಬಿಕೆ, ತೀರ್ಥಹಳ್ಳಿ ತಾಲ್ಲೂಕಿನ ಆರಗದ ಸುತ್ತಮುತ್ತ ಎನ್ನುವುದು ಇನ್ನೊಂದು ವಾದ. ಪರೀಕ್ಷೆಗೆ ಬರೆಯುವವರು ಎರಡನ್ನೂ ಬರೆಯಲಿ. ಕಾಲ 1484–1564, ಗುರು ವ್ಯಾಸರಾಯರು, ಆರಾಧನೆ ಪುಷ್ಯ ಬಹುಳ ಅಮಾವಾಸ್ಯೆ. ಹಂಪಿಯಲ್ಲಿ ತುಂಗಭದ್ರೆಯ ದಡದ ಪುರಂದರ ಮಂಟಪ ನೋಡದೆ ಬರಬೇಡಿ.

ಪ್ರಶ್ನೆ: ‘ಭಾಗ್ಯದ ಲಕ್ಷ್ಮಿ ಬಾರಮ್ಮ’ ಯಾವ ರಾಗ? ಒಬ್ಬರು ಶ್ರೀರಾಗ ಎನ್ನುತ್ತಾರೆ, ಇನ್ನೊಬ್ಬರು ಮಧ್ಯಮಾವತಿ.

ಉತ್ತರ: ದಾಸರ ಪದಗಳ ಮಾತು ಬಾಯಿಂದ ಬಾಯಿಗೆ, ಭಜನೆಯಿಂದ ಭಜನೆಗೆ ಉಳಿದು ಬಂತು, ಧಾಟಿ ಹಾಗೆ ಉಳಿಯಲಿಲ್ಲ. ಇಂದು ಕಛೇರಿಯಲ್ಲಿ ಕೇಳುವ ಹೆಚ್ಚಿನ ಮಟ್ಟುಗಳು ನಂತರದವರು ಹಾಕಿದ್ದು. ಈ ಹಾಡಿಗೆ ಹಳಬರು ಹೇಳುವುದು ಶ್ರೀರಾಗ; ಭೀಮಸೇನ ಜೋಶಿಯವರು ಹಿಂದೂಸ್ತಾನಿ ಬಾನಿಯಲ್ಲಿ ಹಾಡಿ ಮನೆಮನೆಗೆ ಮುಟ್ಟಿಸಿದ್ದು ಬೇರೆಯೇ ಮಟ್ಟು. ಗೊಂದಲಕ್ಕೆ ಕಾರಣ, ಶ್ರೀರಾಗಕ್ಕೂ ಮಧ್ಯಮಾವತಿಗೂ ಆರೋಹಣ ಒಂದೇ: ಸ ರಿ ಮ ಪ ನಿ ಸ. ಇಳಿಯುವಾಗ ‘ರಿ ಗ ರಿ ಸ’ ಬಂದರೆ ಶ್ರೀರಾಗ, ಗಾಂಧಾರ ಮುಟ್ಟದೆ ‘ಮ ರಿ ಸ’ ಎಂದರೆ ಮಧ್ಯಮಾವತಿ. ನಿಮಗೆ ಪಾಠವಾದದ್ದನ್ನೇ ಹಾಡಿ. ಆದರೆ ಪಿಟೀಲಿನವರಿಗೆ ಮೊದಲೇ ರಾಗ ಹೇಳಿಬಿಡಿ, ಇಲ್ಲದಿದ್ದರೆ ನೀವು ಬಿಟ್ಟ ಗಾಂಧಾರವನ್ನು ಅವರು ನುಡಿಸಿರುತ್ತಾರೆ.